ವಿಡಿಯೊ ತೊದಲುತ್ತಿದೆ, ಪರದೆ ಹರಿಯುತ್ತಿದೆ: ಲಿನಕ್ಸ್‌ನಲ್ಲಿ ಯಾವ ಗ್ರಾಫಿಕ್ಸ್, ಯಾವ ಡ್ರೈವರ್?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಆಮೇಲೆ ನನ್ನ ಪರಿಚಯದವರಲ್ಲಿ ಹಳೇ ಕಂಪ್ಯೂಟರಿಗೆ ಮಿಂಟ್, ಉಬುಂಟು ತರಹದ ಲಿನಕ್ಸ್ ಹಾಕಿಕೊಂಡವರು ಒಬ್ಬಿಬ್ಬರಲ್ಲ. ಹೆಚ್ಚಿನವರದ್ದು ಒಂದೇ ದೂರು. ಬ್ರೌಸರ್ ಸರಿ ಇದೆ, ಪ್ರಿಂಟರ್ ಕೂಡ ಮಾತು ಕೇಳುತ್ತದೆ, ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕಿದರೆ ಮಾತ್ರ ವೇಷಧಾರಿಗಿಂತ ವಿಡಿಯೊನೇ ಜಾಸ್ತಿ ಕುಣಿಯುತ್ತದೆ. ಆಮೇಲೆ ಸಾಲು ಸಾಲು ಪ್ರಶ್ನೆ. ಇರುವ ಡ್ರೈವರನ್ನೇ (ಗ್ರಾಫಿಕ್ಸ್ ಚಿಪ್ಪನ್ನು ಓಡಿಸುವ ತಂತ್ರಾಂಶ) ಸರಿ ಮಾಡಲಾ, ಎನ್‌ವಿಡಿಯಾದವರ ಸ್ವಂತ ಡ್ರೈವರ್ ಹಾಕಲಾ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡೊಂದು ತಂದುಬಿಡಲಾ, ಡಿಸ್ಟ್ರೊನೇ, ಅಂದರೆ ಲಿನಕ್ಸ್‌ನ ಬಗೆಯನ್ನೇ, ಬದಲಾಯಿಸಲಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬರೀ ವಿಡಿಯೊ ನೋಡಲು ಅಂದರೆ ಕಾರ್ಡ್ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೇ ಇಲ್ಲ. ಗ್ರಾಫಿಕ್ಸ್ ಚಿಪ್ಪಿನೊಳಗೆ, ಮಡಚಿಟ್ಟ ವಿಡಿಯೊವನ್ನು ಬಿಚ್ಚುವುದಕ್ಕೆಂದೇ (ಇದೇ ಡಿಕೋಡಿಂಗ್) ಒಂದು ಪುಟ್ಟ ಭಾಗ ಇರುತ್ತದೆ. ಗೇಮ್ ಆಡಿಸುವ ಭಾಗವೇ ಬೇರೆ, ಇದೇ ಬೇರೆ. ಆ ಪುಟ್ಟ ಭಾಗಕ್ಕೆ ನೀವು ನೋಡುವ ವಿಡಿಯೊದ ಕೋಡೆಕ್, ಅಂದರೆ ಅದನ್ನು ಮಡಚಿಟ್ಟ ಬಗೆ, ಗೊತ್ತಿದೆಯಾ? ಗೊತ್ತಿದ್ದರೆ, ಡ್ರೈವರ್ ಅದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತಿದೆಯಾ? ಇಷ್ಟೇ ವಿಷಯ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಚೌಕಾಸಿ ಮಾಡಿ, ದೊಡ್ಡ ಫ್ಯಾನಿನ ಹಳೇ ಕಾರ್ಡೊಂದನ್ನು ಗೆದ್ದುಕೊಂಡವನ ಹಾಗೆ ತಂದೆ. ಯಾರ ಕಾರ್ಡು ಅನ್ನುವುದು ಬೇಡ, ತಪ್ಪು ನನ್ನದೇ. ಕೂರಿಸಿ ನೋಡಿದರೆ ಗೇಮ್ ಚೆನ್ನಾಗಿ ಓಡಿತು, ಯೂಟ್ಯೂಬ್ ಮಾತ್ರ ಮೊದಲಿನಷ್ಟೇ ತೊದಲಿತು. ಆ ಕಾರ್ಡಿಗೆ ಯೂಟ್ಯೂಬಿನ ವಿಪಿ9 ಕೋಡೆಕ್ ಬಿಚ್ಚಲು ಬರುತ್ತಲೇ ಇರಲಿಲ್ಲ. ಸುಮ್ನೆ ಕೂತಿದ್ದ ನನ್ನ ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರಿಗೆ ಬರುತ್ತಿತ್ತು, ಅದಕ್ಕೆ ಬೇಕಿದ್ದದ್ದು ನಾನು ಹಾಕದೇ ಬಿಟ್ಟಿದ್ದ ಒಂದು ಪ್ಯಾಕೇಜ್ ಅಷ್ಟೇ. ಇಂಗು ತಿಂದ ಮಂಗನ ಹಾಗೆ ಕಾರ್ಡನ್ನು ಬಿಚ್ಚಿಟ್ಟೆ.

ಮೊದಲು ರೋಗ ಯಾವುದು ನೋಡಿ

"ವಿಡಿಯೊ ಸರಿ ಇಲ್ಲ" ಅನ್ನುವುದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಪರದೆಯ ನಡುವೆ ಅಡ್ಡಗೆರೆ ಬಂದು, ಮೇಲಿನ ಅರ್ಧ ಒಂದು ಚಿತ್ರ, ಕೆಳಗಿನ ಅರ್ಧ ಇನ್ನೊಂದು ಚಿತ್ರ ಕಂಡರೆ ಅದು ಹರಿಯುವಿಕೆ. ಇದಕ್ಕೂ ಕೋಡೆಕ್‌ಗೂ ಸಂಬಂಧವಿಲ್ಲ, ಚಿತ್ರವನ್ನು ಪರದೆಗೆ ಕಳಿಸುವ ಹೊತ್ತು ತಪ್ಪುತ್ತಿದೆ ಅಷ್ಟೇ. ವಿಡಿಯೊ ತಡೆತಡೆದು ಓಡಿ, ಫ್ಯಾನ್ ಕೂಗಿ, ಸಿಪಿಯು ನೂರರ ಹತ್ತಿರ ನಿಂತರೆ ಅದು ಡಿಕೋಡಿಂಗ್ ಸಮಸ್ಯೆ. ಧ್ವನಿ ಬಂದು ಚಿತ್ರ ಕಪ್ಪಾಗಿಯೋ ಹಸಿರಾಗಿಯೋ ಇದ್ದರೆ, ಪ್ಲೇಯರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ ನೋಡಿ. ಚಿತ್ರ ವಾಪಸ್ ಬಂದರೆ ಡ್ರೈವರ್ ಮತ್ತು ಪ್ಲೇಯರ್ ನಡುವೆ ಜಗಳ ಅಂತ ಅರ್ಥ.

ಇವೆಲ್ಲಕ್ಕಿಂತ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಎದುರು ಏನು ಬರೆದಿದೆ ನೋಡಿ. ಎಲ್‌ಎಲ್‌ವಿಎಂ-ಪೈಪ್ ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಎದ್ದೇ ಇಲ್ಲ, ಪರದೆಯ ಮೇಲಿನ ಪ್ರತಿ ಚುಕ್ಕೆಯನ್ನೂ ಸಿಪಿಯುನೇ ಬಿಡಿಸುತ್ತಿದೆ. ಇದಕ್ಕೆ ಸಾಮಾನ್ಯ ಕಾರಣ ಒಂದಿದೆ. ಇನ್‌ಸ್ಟಾಲ್ ಮಾಡುವಾಗ ಕಪ್ಪು ಪರದೆ ಬಂತು ಅಂತ ಬೂಟ್ ಸಾಲಿಗೆ "ನೋ-ಮೋಡ್‌ಸೆಟ್" ಅನ್ನುವ ಪದ ಸೇರಿಸಿರುತ್ತೇವೆ, ಆಮೇಲೆ ತೆಗೆಯುವುದನ್ನು ಮರೆತಿರುತ್ತೇವೆ. ಆ ಪದ ಇರುವ ತನಕ ಇಂಟೆಲ್, ಎಎಂಡಿ ಡ್ರೈವರ್‌ಗಳು ಕೆಲಸ ಶುರು ಮಾಡುವುದೇ ಇಲ್ಲ. ನಾನು ಎರಡು ಭಾನುವಾರ ಕಳೆದುಕೊಂಡದ್ದು ಇದರಲ್ಲೇ.

ಯಾವುದರಿಂದ ಅಳೆಯುವುದು

ಎಲ್ಲ ಆಯ್ಕೆಗಳನ್ನೂ ನಾನು ಅಳೆಯುವುದು ನಾಲ್ಕು ವಿಷಯಗಳಿಂದ. ಮೊದಲನೆಯದು ಕೋಡೆಕ್. ಮೊಬೈಲಿನಲ್ಲಿ ತೆಗೆದದ್ದು ಸಾಮಾನ್ಯವಾಗಿ ಎಚ್.264 ಅಥವಾ ಎಚ್‌ಇವಿಸಿ. ಯೂಟ್ಯೂಬ್ ಕಳಿಸುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1, ಅದರಲ್ಲೂ 1080ಪಿ ದಾಟಿದ ಮೇಲೆ ಇವೆರಡೇ. ಯೂಟ್ಯೂಬ್ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ, ಪಟ್ಟಿಯ ಕೊನೆಗಿರುವ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಒತ್ತಿದರೆ ಯಾವ ಕೋಡೆಕ್ ಬರುತ್ತಿದೆ, ಎಷ್ಟು ಫ್ರೇಮ್ ಬಿದ್ದುಹೋಗಿದೆ ಎರಡೂ ಕಾಣುತ್ತದೆ. ಎರಡನೆಯದು, ನೀವು ನೋಡುವುದು ಬ್ರೌಸರಿನಲ್ಲೋ ಪ್ಲೇಯರಿನಲ್ಲೋ, ಏಕೆಂದರೆ ಎಂಪಿವಿ ಅನ್ನುವ ಪ್ಲೇಯರಿನಲ್ಲಿ ಬೆಣ್ಣೆಯ ಹಾಗೆ ಓಡುವ ವಿಡಿಯೊ ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಒದ್ದಾಡುವುದುಂಟು. ಮೂರನೆಯದು ಉಸ್ತುವಾರಿ. ಪ್ರತಿ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್‌ಗೂ ಎದೆ ಢವಢವ ಅನ್ನಬೇಕಾ ಬೇಡವಾ? ಊರಲ್ಲಿರುವ ಅಪ್ಪನ ಕಂಪ್ಯೂಟರ್ ಆದರೆ ನಾನು ಇದಕ್ಕೇ ಹೆಚ್ಚು ಅಂಕ ಕೊಡುತ್ತೇನೆ. ಕೊನೆಯದು ದುಡ್ಡು.

ಇಂಟೆಲ್: ಒಳಗೇ ಇರುವ ಗ್ರಾಫಿಕ್ಸ್

ಹೆಚ್ಚಿನವರಿಗೆ ಉತ್ತರ ಇಲ್ಲೇ ಸಿಗುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಪ್ರೊಸೆಸರ್ ಎಷ್ಟನೇ ತಲೆಮಾರಿನದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎರಡರಿಂದ ಐದನೇ ತಲೆಮಾರಿನ ತನಕ ನಂಬಬಹುದಾದದ್ದು ಎಚ್.264 ಒಂದೇ. ಆರನೆಯದಕ್ಕೆ ಎಂಟು ಬಿಟ್ (ಬಣ್ಣದ ಸೂಕ್ಷ್ಮತೆಯ ಅಳತೆ) ಎಚ್‌ಇವಿಸಿ ಸೇರಿತು. ಏಳನೆಯದು ದೊಡ್ಡ ಜಿಗಿತ: ಹತ್ತು ಬಿಟ್ ಎಚ್‌ಇವಿಸಿ ಮತ್ತು ಪೂರ್ತಿ ವಿಪಿ9, ಅಂದರೆ ಯೂಟ್ಯೂಬಿನ 4ಕೆ ಕೂಡ. ಎವಿ1 ಬೇಕಾದರೆ ಹನ್ನೊಂದನೆಯ ತಲೆಮಾರು ಬೇಕು. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ, ಅದನ್ನು ಮರೆಯಬೇಡಿ.

ಕರ್ನಲ್‌ನೊಳಗಿನ ಡ್ರೈವರ್ ತಾನಾಗಿ ಬರುತ್ತದೆ. ತೊಂದರೆ ಇರುವುದು ವಿಡಿಯೊ ಡಿಕೋಡಿಂಗಿನ ಕೊಂಡಿಯಲ್ಲಿ. ಲಿನಕ್ಸ್‌ನಲ್ಲಿ ಪ್ಲೇಯರ್‌ಗಳು ಚಿಪ್ಪಿನ ಜೊತೆ ಮಾತಾಡುವುದು ವಿಎ-ಎಪಿಐ ಅನ್ನುವ ಭಾಷೆಯಲ್ಲಿ, ಅದಕ್ಕೆ ಇಂಟೆಲ್‌ನಲ್ಲಿ ಎರಡು ಪ್ಯಾಕೇಜ್‌ಗಳಿವೆ. ಐದನೇ ತಲೆಮಾರಿನಿಂದ ಈಚೆಗಾದರೆ ಇಂಟೆಲ್-ಮೀಡಿಯಾ-ವಿಎ-ಡ್ರೈವರ್, ಅದಕ್ಕಿಂತ ಹಳೆಯದಕ್ಕೆ ಐ965-ವಿಎ-ಡ್ರೈವರ್. ಎರಡೂ ಕೂತಿದ್ದು ತಪ್ಪಾದದ್ದು ಎದ್ದರೂ ಕಪ್ಪು ಚಿತ್ರ ಬರಬಹುದು. ಟರ್ಮಿನಲ್‌ನಲ್ಲಿ ವಿಎ-ಇನ್ಫೋ ಓಡಿಸಿದರೆ ಯಾವ ಡ್ರೈವರ್ ಎದ್ದಿದೆ, ಯಾವ ಕೋಡೆಕ್‌ಗಳು ಬರುತ್ತವೆ ಅನ್ನುವ ಪಟ್ಟಿ ಸಿಗುತ್ತದೆ. ಪಟ್ಟಿಯಲ್ಲಿ ವಿಪಿ9 ಇದ್ದೂ ಯೂಟ್ಯೂಬ್ ತೊದಲಿದರೆ ತಪ್ಪು ಬ್ರೌಸರಿನದ್ದು. ಪಟ್ಟಿಯಲ್ಲೇ ಇಲ್ಲದಿದ್ದರೆ ಬ್ರೌಸರಿನ ಸೆಟ್ಟಿಂಗ್ ತಿರುಚುತ್ತಾ ಕೂರುವುದು ದಂಡ.

ಬ್ರೌಸರ್ ವಿಷಯದಲ್ಲೂ ಇಂಟೆಲ್‌ನವರಿಗೆ ಅದೃಷ್ಟ ಇದೆ. ಫೈರ್‌ಫಾಕ್ಸ್ 2023ರ 115ನೇ ಆವೃತ್ತಿಯಿಂದ ಇಂಟೆಲ್ ಮೇಲೆ ಹಾರ್ಡ್‌ವೇರ್ ಡಿಕೋಡಿಂಗನ್ನು ತಾನಾಗಿ ಆನ್ ಮಾಡುತ್ತದೆ. ಎಎಂಡಿಯವರು ಅದಕ್ಕಾಗಿ 2025ರ 136ನೇ ಆವೃತ್ತಿಯ ತನಕ ಕಾಯಬೇಕಾಯಿತು.

ದುಡ್ಡು ಸೊನ್ನೆ, ಉಸ್ತುವಾರಿ ಸೊನ್ನೆಯ ಹತ್ತಿರ. ಏಳನೇ ತಲೆಮಾರು ಅಥವಾ ಅದರ ಮೇಲಿನದು ನಿಮ್ಮ ಹತ್ತಿರ ಇದ್ದರೆ ಕಾರ್ಡ್ ಹುಡುಕುವುದನ್ನು ಇವತ್ತೇ ನಿಲ್ಲಿಸಿ.

ಎಎಂಡಿ: ಹಾಕಿ ಮರೆತುಬಿಡುವವರಿಗೆ, ಒಂದೆರಡು ಗುಂಡಿಗಳನ್ನು ಬಿಟ್ಟು

ಎಎಂಡಿಯ ಡ್ರೈವರ್ ಕರ್ನಲ್ ಮತ್ತು ಮೆಸಾದಲ್ಲೇ (ಲಿನಕ್ಸ್ ಜೊತೆ ಬರುವ ಮುಕ್ತ ಗ್ರಾಫಿಕ್ಸ್ ತಂತ್ರಾಂಶ) ಇರುತ್ತದೆ, ಹೊರಗಿಂದ ಏನೂ ತರಬೇಕಿಲ್ಲ. ಅಪ್‌ಡೇಟ್ ಮಾಡಿ ಮಲಗಿದರೆ ಬೆಳಿಗ್ಗೆ ಪರದೆ ಬರುತ್ತದಾ ಅನ್ನುವ ಭಯ ಕಡಿಮೆ. ಹೊಸದಾಗಿ ಕಂಪ್ಯೂಟರ್ ಕಟ್ಟಿಸುವವರಿಗೆ, ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ ಪ್ರೊಸೆಸರ್ ತೆಗೆದುಕೊಳ್ಳಿ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ರೈಜೆನ್ 2200ಜಿ, 3400ಜಿ, 5600ಜಿ ತರಹದವು ವಿಪಿ9 ಮತ್ತು ಎಚ್‌ಇವಿಸಿ ತನಕ ಬಿಚ್ಚುತ್ತವೆ, ಎವಿ1 ಬರುವುದಿಲ್ಲ. ಡೆಸ್ಕ್‌ಟಾಪಿನ ರೈಜೆನ್ 7000 ಸಾಲಿನಲ್ಲಿರುವ ಪುಟ್ಟ ಗ್ರಾಫಿಕ್ಸ್‌ಗೆ ಎವಿ1 ಕೂಡ ಬರುತ್ತದೆ.

ಗುಂಡಿ ಒಂದು: ಫೆಡೋರಾ ಅನ್ನುವ ಡಿಸ್ಟ್ರೊ. 2022ರಲ್ಲಿ, 37ನೇ ಆವೃತ್ತಿ ಬರುವ ಹೊತ್ತಿಗೆ, ಪೇಟೆಂಟ್ ಭಯದಿಂದ ಅವರು ತಮ್ಮ ಮೆಸಾದಿಂದ ಎಚ್.264, ಎಚ್‌ಇವಿಸಿ ಡಿಕೋಡಿಂಗನ್ನು ತೆಗೆದುಬಿಟ್ಟರು. ಕಾರ್ಡ್ ಚೆನ್ನಾಗಿರುತ್ತದೆ, ಡ್ರೈವರ್ ಚೆನ್ನಾಗಿರುತ್ತದೆ, ಆದರೂ ಮೊಬೈಲಿನ ಮದುವೆ ವಿಡಿಯೊ ಹಾಕಿದರೆ ಸಿಪಿಯು ಬೆವರುತ್ತದೆ. ಆರ್‌ಪಿಎಂ ಫ್ಯೂಷನ್ ಭಂಡಾರವನ್ನು ಸೇರಿಸಿಕೊಂಡು, ಮೆಸಾ-ವಿಎ-ಡ್ರೈವರ್ಸ್ ಜಾಗಕ್ಕೆ ಅದರ "ಫ್ರೀವರ್ಲ್ಡ್" ರೂಪವನ್ನು ಹಾಕಿಕೊಂಡರೆ ಸರಿಹೋಗುತ್ತದೆ. ಇದು ಬೇಡ ಅನ್ನುವವರು ಉಬುಂಟು, ಮಿಂಟ್, ಡೆಬಿಯನ್ ಕಡೆ ಇರಿ. ಡಿಸ್ಟ್ರೊ ಬದಲಿಸುವುದರಿಂದ ನಿಜವಾಗಿ ಲಾಭ ಆಗುವ ಅಪರೂಪದ ಸಂದರ್ಭ ಇದು.

ಗುಂಡಿ ಎರಡು: ಸೆಕೆಂಡ್ ಹ್ಯಾಂಡ್ ಮಾರ್ಕೆಟಿನಲ್ಲಿ ಎದ್ದು ಕಾಣುವ ಆರ್‌ಎಕ್ಸ್ 570, 580. ಗೇಮಿಗೆ ಒಳ್ಳೆಯ ಕಾರ್ಡ್‌ಗಳೇ. ಆದರೆ ಲಿನಕ್ಸ್‌ನಲ್ಲಿ ಇವು ವಿಪಿ9 ಬಿಚ್ಚುವುದಿಲ್ಲ. ಯೂಟ್ಯೂಬ್ ಭಾರವೆಲ್ಲ ಸಿಪಿಯು ತಲೆಗೇ. ಹಾಗೆಯೇ ಆರ್‌ಎಕ್ಸ್ 6000 ಸಾಲಿಗೆ ಎವಿ1 ಬರುತ್ತದೆ ಅನ್ನುವುದನ್ನು ಕೇಳಿ, ಅದೇ ಸಾಲಿನ ಅಗ್ಗದ 6400 ಅಥವಾ 6500 ಎಕ್ಸ್‌ಟಿ ತಂದರೆ ಬೇಸ್ತು. ಆ ಎರಡರಲ್ಲಿ ಎವಿ1 ಬಿಟ್ಟಿದ್ದಾರೆ. 6600ರಲ್ಲಿ ಇದೆ.

ಎನ್‌ವಿಡಿಯಾ

2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಈ ಕಂಪನಿಗೆ ನಡುಬೆರಳು ತೋರಿಸಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿಂದೀಚೆಗೆ ಪರಿಸ್ಥಿತಿ ಸುಧಾರಿಸಿದೆ, ಅದನ್ನೂ ಹೇಳಬೇಕು. 2022ರಲ್ಲಿ ಕರ್ನಲ್ ಭಾಗದ ಕೋಡನ್ನು ತೆರೆದಿಟ್ಟರು. 2024ರ 555ನೇ ಡ್ರೈವರ್ ಬಂದ ಮೇಲೆ, ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಚಿತ್ರ ಹಿಂದೆ ಮುಂದೆ ಮಿನುಗುವ ಕಾಟ ಬಹಳ ಕಡಿಮೆಯಾಯಿತು.

ಆದರೆ ವಿಡಿಯೊ ವಿಷಯದಲ್ಲಿ ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಇಂಟೆಲ್, ಎಎಂಡಿ ಎರಡೂ ವಿಎ-ಎಪಿಐ ಮಾತಾಡಿದರೆ ಎನ್‌ವಿಡಿಯಾ ಮಾತಾಡುವುದು ತನ್ನದೇ ಎನ್‌ವಿಡೆಕ್. ಎಂಪಿವಿಗೆ ಆ ಭಾಷೆಯೂ ಬರುತ್ತದೆ, ಹಾಗಾಗಿ ಡಿಸ್ಕಿನಲ್ಲಿರುವ ವಿಡಿಯೊಗಳಿಗೆ ತೊಂದರೆ ಇಲ್ಲ. ಬ್ರೌಸರಿಗೆ ನಡುವೆ ಒಬ್ಬ ದುಭಾಷಿ ಬೇಕು. ಎನ್‌ವಿಡಿಯಾ-ವಿಎಎಪಿಐ-ಡ್ರೈವರ್ ಅನ್ನುವ ಆ ದುಭಾಷಿಯನ್ನು ಬರೆದದ್ದು ಕಂಪನಿಯವರಲ್ಲ, ಹೊರಗಿನವರು, ಅದೂ ಮುಖ್ಯವಾಗಿ ಫೈರ್‌ಫಾಕ್ಸ್‌ಗಾಗಿ. ಒಮ್ಮೆ ಕೂತರೆ ಚೆನ್ನಾಗಿ ಕೆಲಸ ಮಾಡುತ್ತದೆ, ಕೂರಿಸುವ ತನಕ ಒಂದು ಸಂಜೆ ಹೋಗುತ್ತದೆ.

ಹಳೇ ಕಾರ್ಡ್ ಕೊಳ್ಳುವವರು ಡ್ರೈವರಿನ ಆಯಸ್ಸು ನೋಡಲೇಬೇಕು. ಜಿಟಿ 710ಕ್ಕೆ 470ನೇ ಸರಣಿಯೇ ಕೊನೆ, ಅದಕ್ಕೆ ಕಂಪನಿಯ ಬೆಂಬಲ 2024ಕ್ಕೆ ಮುಗಿದಿದೆ. ಜಿಟಿ 730 ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್ಪುಗಳು ಮಾರಾಟವಾಗಿವೆ, ಹಳೆಯದಾದರೆ ಅದು ಇನ್ನೂ ಹಿಂದಿನ 390ಕ್ಕೇ ನಿಂತಿದೆ. ಹೊಸ ಕರ್ನಲ್ ಬಂದಾಗ ಈ ಹಳೇ ಡ್ರೈವರ್‌ಗಳು ಕಟ್ಟಿಕೊಳ್ಳುವುದೇ ಇಲ್ಲ, ನೀವೂ ಹಳೇ ಕರ್ನಲ್‌ಗೆ ಅಂಟಿಕೊಂಡಿರಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ 710ಕ್ಕೆ ವಿಪಿ9 ಬರುವುದಿಲ್ಲ! ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ಜಿಟಿ 1030 ವಿಪಿ9, ಎಚ್‌ಇವಿಸಿ ಎರಡೂ ಬಿಚ್ಚುತ್ತದೆ, ಆದರೆ ಅದರ ಪೀಳಿಗೆಗೂ 580ನೇ ಸರಣಿಯೇ ಕೊನೆ. ಇನ್ನೂ ಹಲವು ವರ್ಷ ಬೇಕು ಅನ್ನುವವರಿಗೆ ಜಿಟಿಎಕ್ಸ್ 1650 ಅಥವಾ ಮೇಲಿನದು. ಎವಿ1 ಬೇಕಾದರೆ ಆರ್‌ಟಿಎಕ್ಸ್ 30ರ ಸಾಲು.

ಎನ್‌ವಿಡಿಯಾ ಯಾರಿಗೆ ಸರಿ ಅಂದರೆ, ವಿಡಿಯೊ ಎಡಿಟಿಂಗ್, ಬ್ಲೆಂಡರ್, ಎಐ ಕೆಲಸ ಇರುವವರಿಗೆ. ವಿಡಿಯೊ ನೋಡಲು ಮಾತ್ರ ಅಂತಾದರೆ ಈ ಉಸ್ತುವಾರಿ ಯಾಕೆ ಬೇಕು ಹೇಳಿ. ಈಗಾಗಲೇ ಇರುವವರು ಮಾತ್ರ ಇಷ್ಟು ಮಾಡಿ: ಡ್ರೈವರನ್ನು ಕಂಪನಿಯ ಸೈಟಿನಿಂದ ಇಳಿಸಬೇಡಿ, ಡಿಸ್ಟ್ರೊದ ಡ್ರೈವರ್ ಮ್ಯಾನೇಜರಿನಿಂದಲೇ ಹಾಕಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಆನ್ ಇದ್ದರೆ ರೀಬೂಟಿನಲ್ಲಿ ಕೀ ಸೇರಿಸಲಾ ಅಂತ ನೀಲಿ ಪರದೆಯೊಂದು ಕೇಳುತ್ತದೆ. ಗಾಬರಿಯಾಗಿ ಮುಂದೆ ಹೋಗಿಬಿಟ್ಟರೆ ಡ್ರೈವರ್ ಎದ್ದೇಳುವುದಿಲ್ಲ.

ಇಂಟೆಲ್ ಜೊತೆಗೆ ಎನ್‌ವಿಡಿಯಾ ಕೂಡ ಇರುವ ಲ್ಯಾಪ್‌ಟಾಪ್ ಆದರೆ ವಿಡಿಯೊ ಕೆಲಸವನ್ನು ಇಂಟೆಲ್‌ಗೇ ಬಿಡಿ, ಬೇಕಾದಾಗ ಮಾತ್ರ ಎನ್‌ವಿಡಿಯಾವನ್ನು ಎಬ್ಬಿಸುವ ಆನ್-ಡಿಮ್ಯಾಂಡ್ ಮೋಡ್ ಸಾಕು, ಬ್ಯಾಟರಿಯೂ ಉಳಿಯುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಸರಿ ಇದ್ದು ಟಿವಿಗೆ ಹಾಕಿದಾಗ ಮಾತ್ರ ತೊದಲಿದರೆ, ಎಚ್‌ಡಿಎಂಐ ಪೋರ್ಟ್ ಎನ್‌ವಿಡಿಯಾ ಚಿಪ್ಪಿಗೆ ಸೇರಿರುವ ಸಾಧ್ಯತೆ ಜಾಸ್ತಿ. ಆಗ ಟಿವಿ ನೋಡುವ ಹೊತ್ತಿಗೆ ಪೂರ್ತಿ ಎನ್‌ವಿಡಿಯಾ ಮೋಡ್‌ಗೆ ಬದಲಿಸಿ ನೋಡಿ.

ನೂವೋ

ಎನ್‌ವಿಡಿಯಾ ಕಾರ್ಡ್‌ಗೆ ಸಮುದಾಯದವರು ಬರೆದ ಮುಕ್ತ ಡ್ರೈವರ್. ಅವರ ಛಲಕ್ಕೆ ಕೈ ಮುಗಿಯಬೇಕು. ಆದರೆ ಜಿಟಿಎಕ್ಸ್ 900ರ ಸಾಲಿನಿಂದ ಚಿಪ್ಪಿನೊಳಗೇ ಓಡುವ, ಕಂಪನಿಯ ಸಹಿ ಇರುವ ಫರ್ಮ್‌ವೇರ್ ಇಲ್ಲದೆ ಚಿಪ್ಪಿನ ವೇಗ ಏರಿಸುವಂತಿಲ್ಲ, ಅಂಥ ಕಾರ್ಡ್ ನೂವೋದಲ್ಲಿ ಮೊದಲನೇ ಗೇರಿನಲ್ಲೇ ಘಾಟಿ ಹತ್ತುತ್ತದೆ. 2024ರ ಆರಂಭದ 6.7 ಕರ್ನಲ್‌ನಿಂದ, 1650 ಮತ್ತು ಅದರ ಮೇಲಿನ ಪೀಳಿಗೆಗಳಿಗೆ ಈ ತೊಡಕಿನಿಂದ ಬಿಡುಗಡೆ ಸಿಕ್ಕಿದೆ. ವಿಡಿಯೊ ಡಿಕೋಡಿಂಗ್‌ಗೆ ಇದನ್ನು ನಂಬಿ ಕೂರಬೇಡಿ. ಹಳೇ ಕಾರ್ಡ್, ಬರೀ ಬರವಣಿಗೆಯ ಕೆಲಸ, ಹೊಸ ಕರ್ನಲ್ ಬೇಕು ಅನ್ನುವವರಿಗೆ ಓಕೆ.

ಏನೂ ಕೊಳ್ಳದೆ, ಏನೂ ಹಾಕದೆ

ಇದನ್ನು ಜನ ಆಯ್ಕೆ ಅಂತಲೇ ಎಣಿಸುವುದಿಲ್ಲ, ನನಗೋ ಇದು ಅಚ್ಚುಮೆಚ್ಚು. ನಾಲ್ಕನೇ ತಲೆಮಾರಿನ ಐ3 ಕೂಡ ಎಚ್.264ನ 1080ಪಿ ವಿಡಿಯೊವನ್ನು ಸಲೀಸಾಗಿ ಓಡಿಸುತ್ತದೆ. ಯೂಟ್ಯೂಬ್‌ಗೆ "ನನಗೆ ಎಚ್.264 ಕೊಡು" ಅನ್ನಲು ಎನ್‌ಹಾನ್ಸ್ಡ್-ಎಚ್264ಇಫೈ (enhanced-h264ify) ಅನ್ನುವ ಬ್ರೌಸರ್ ಎಕ್ಸ್‌ಟೆನ್ಷನ್ ಇದೆ. ಒಂದು ನಿಮಿಷದ ಕೆಲಸ. ಕಳೆದುಕೊಳ್ಳುವುದು ಏನೆಂದರೆ 1080ಪಿಗಿಂತ ಮೇಲಿನ ಗುಣಮಟ್ಟ, ಜೊತೆಗೆ ಸ್ವಲ್ಪ ಹೆಚ್ಚು ಡೇಟಾ. ನಿಮ್ಮ ಮಾನಿಟರೇ 1080ಪಿ ಆದರೆ ಮೊದಲನೆಯದು ನಷ್ಟವೇ ಅಲ್ಲ, ಅಲ್ವಾ?

ಇನ್ನೊಂದು ಮಾತು. ವಿಡಿಯೊಲ್ಯಾನ್‌ನವರ ಡೇವಿಡ್ ಅನ್ನುವ ಎವಿ1 ಡಿಕೋಡರ್ ಬಹಳ ಚುರುಕು. ನಾಲ್ಕು ಕೋರ್‌ನ ಡೆಸ್ಕ್‌ಟಾಪ್ ಇದ್ದರೆ ಕಾರ್ಡಿನ ಹಂಗಿಲ್ಲದೆ 1080ಪಿ ಎವಿ1 ನೋಡಬಹುದು. ಎವಿ1 ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಡೆಸ್ಕ್‌ಟಾಪಿಗೆ ಹೊಸ ಕಾರ್ಡ್ ತರುವ ಅಗತ್ಯ ಸದ್ಯಕ್ಕಿಲ್ಲ. ಲ್ಯಾಪ್‌ಟಾಪ್ ಆದರೆ ಲೆಕ್ಕ ಬೇರೆ. ಬ್ಯಾಟರಿ ಕರಗುತ್ತದೆ, ತೊಡೆ ಸುಡುತ್ತದೆ.

ಪರದೆ ಹರಿಯುವವರಿಗೆ

ಇದು ಬೇರೆಯೇ ಔಷಧಿ. ಲಾಗಿನ್ ಪರದೆಯಲ್ಲಿ ವೇಲ್ಯಾಂಡ್ ಸೆಷನ್ ಇದ್ದರೆ ಅದರಲ್ಲಿ ಒಳಗೆ ಹೋಗಿ ನೋಡಿ. ಪೂರ್ತಿ ಚಿತ್ರ ತಯಾರಾಗುವ ತನಕ ಪರದೆಗೆ ಕಳಿಸದಿರುವುದು ಅದರ ಗುಣ, ಹೆಚ್ಚಿನವರಿಗೆ ಕಾಯಿಲೆ ಅಲ್ಲಿಗೇ ವಾಸಿ. ಮಿಂಟ್‌ನ ಸಿನಮನ್ ಅನ್ನುವ ಡೆಸ್ಕ್‌ಟಾಪ್ ಪರಿಸರ ಇನ್ನೂ ಹಳೇ ವ್ಯವಸ್ಥೆಯಾದ ಎಕ್ಸ್11 ಮೇಲೇ ನಡೆಯುತ್ತದೆ, ಕೆಡಿಇ ಪ್ಲಾಸ್ಮಾ 6 ವೇಲ್ಯಾಂಡ್ ಮೇಲೆ. ಹರಿಯುವಿಕೆಯೊಂದೇ ದೂರು ಅನ್ನುವವರಿಗೆ ಡೆಸ್ಕ್‌ಟಾಪ್ ಪರಿಸರ ಬದಲಿಸುವುದು ಕಾರ್ಡ್ ಬದಲಿಸುವುದಕ್ಕಿಂತ ಅಗ್ಗ. ಎಕ್ಸ್11 ಬಿಡಲಾರೆ ಅನ್ನುವವರಿಗೂ ದಾರಿ ಇದೆ. ಎಎಂಡಿ ಮತ್ತು ಹಳೇ ಇಂಟೆಲ್ ಡ್ರೈವರಿನಲ್ಲಿ ಟಿಯರ್-ಫ್ರೀ ಅನ್ನುವ ಆಯ್ಕೆ, ಎನ್‌ವಿಡಿಯಾದ ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್ ಫುಲ್ ಕಾಂಪೊಸಿಷನ್ ಪೈಪ್‌ಲೈನ್. ಹರಿಯುವುದು ನಿಲ್ಲುತ್ತದೆ, ಗೇಮ್ ಮಾತ್ರ ಕೊಂಚ ನಿಧಾನ ಅನಿಸಬಹುದು.

ಜೇಬಿನ ಲೆಕ್ಕ

ಖರ್ಚು ಮಾಡುವ ಮನಸ್ಸೇ ಇಲ್ಲ ಅಂದರೆ ವಿಎ-ಇನ್ಫೋ ನೋಡಿ, ಸರಿಯಾದ ಪ್ಯಾಕೇಜ್ ಹಾಕಿ, ಅದೂ ಆಗದಿದ್ದರೆ ಎಕ್ಸ್‌ಟೆನ್ಷನ್. ಫ್ಲಾಟ್‌ಪ್ಯಾಕ್ ರೂಪದ ಪ್ಲೇಯರ್ ಬಳಸುವವರು ಒಂದು ನೆನಪಿಡಿ, ಅದು ತನ್ನ ಮೆಸಾವನ್ನು ತಾನೇ ಹೊತ್ತು ತರುತ್ತದೆ. ನೀವು ಸಿಸ್ಟಮ್‌ನಲ್ಲಿ ಎಷ್ಟು ಸರಿ ಮಾಡಿದರೂ ಅದಕ್ಕೆ ತಟ್ಟುವುದಿಲ್ಲ. ಅದೇ ಪ್ಲೇಯರನ್ನು ಡಿಸ್ಟ್ರೊದ ಭಂಡಾರದಿಂದ ಹಾಕಿ ಹೋಲಿಸಿ ನೋಡಿ.

ಕೆಲವು ಸಾವಿರ ಇದೆ, ಕಂಪ್ಯೂಟರ್ ತೀರಾ ಹಳೆಯದು ಅಂದರೆ, ಅದಕ್ಕೆ ಕಾರ್ಡ್ ಸಿಕ್ಕಿಸುವುದಕ್ಕಿಂತ ಆಫೀಸಿನಿಂದ ಹೊರಬಿದ್ದ, ಏಳು ಅಥವಾ ಎಂಟನೇ ತಲೆಮಾರಿನ ಇಂಟೆಲ್ ಇರುವ ಪುಟ್ಟ ಡೆಸ್ಕ್‌ಟಾಪ್ ತರುವುದು ಮೇಲು. ಎಂಟಕ್ಕೆ ಹೋದರೆ ಸಿಪಿಯು ಕೋರ್‌ಗಳೂ ಜಾಸ್ತಿ. ಕೊಳ್ಳುವ ಮುಂಚೆ ಪೆನ್ ಡ್ರೈವ್‌ನಲ್ಲಿ ಉಬುಂಟು ಲೈವ್ ಒಯ್ದು ಅಂಗಡಿಯಲ್ಲೇ ಬೂಟ್ ಮಾಡಿ, ಅಲ್ಲೇ ಯೂಟ್ಯೂಬ್ ಹಾಕಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಾರ್ಡೇ ಬೇಕು, ಎವಿ1 ಕೂಡ ಬೇಕು ಅನ್ನುವವರಿಗೆ ಇಂಟೆಲ್‌ನ ಆರ್ಕ್ ಎ380 ಇದೆ. ಕರ್ನಲ್ 6.2 ಅಥವಾ ಅದಕ್ಕಿಂತ ಹೊಸದು ಇರಲಿ.

ಕೊನೆಗೊಂದು ದೂರು ಉಳಿಯುತ್ತದೆ: "ಯೂಟ್ಯೂಬ್ ಚೆನ್ನಾಗಿದೆ, ಒಟಿಟಿ ಸಿನಿಮಾ ಮಾತ್ರ ಮಸುಕು." ಇದಕ್ಕೆ ಡ್ರೈವರನ್ನು ಮುಟ್ಟಬೇಡಿ, ಕಾರ್ಡನ್ನೂ ಕೊಳ್ಳಬೇಡಿ. ಲಿನಕ್ಸ್ ಬ್ರೌಸರ್‌ಗಳಲ್ಲಿ ನಕಲು ತಡೆಯುವ ವೈಡ್‌ವೈನ್ ಅನ್ನುವ ಬೀಗ ಕೆಲಸ ಮಾಡುವುದು ಅದರ ಕೆಳಗಿನ ಮಟ್ಟದಲ್ಲಿ, ಅದನ್ನು ನೋಡಿ ಒಟಿಟಿಯವರೇ ಗುಣಮಟ್ಟ ಇಳಿಸಿ ಕಳಿಸುತ್ತಾರೆ. ನಾನಂತೂ ಆ ಸಿನಿಮಾಗಳನ್ನು ಟಿವಿಯಲ್ಲೇ ನೋಡುತ್ತೇನೆ.